ಒಂದೇ ಪದರದ ಐರನ್ ಸೆಲೆನೈಡ್ ಬೆಳೆಸಲು ತಳ ಸಿದ್ಧಪಡಿಸುವ ಬಗೆ

ಐರನ್ ಸೆಲೆನೈಡ್‌ನ ಗಟ್ಟಿ ಹರಳು ಅತಿವಾಹಕವಾಗುವುದು, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಸುವುದು, ಸುಮಾರು 8 ಕೆಲ್ವಿನ್‌ನಲ್ಲಿ. ಅದನ್ನೇ ತಳವಾಗಿಟ್ಟ ಸ್ಟ್ರಾಂಷಿಯಂ ಟೈಟನೇಟ್ ಹರಳಿನ ಮೇಲೆ ಒಂದೇ ಪದರವಾಗಿ, ಅಂದರೆ 0.55 ನ್ಯಾನೋಮೀಟರ್ ದಪ್ಪಕ್ಕೆ, ಬೆಳೆಸಿದರೆ ಅತಿವಾಹಕದ ಗುರುತಾದ ಎಲೆಕ್ಟ್ರಾನ್‌ಗಳ ಶಕ್ತಿ ಅಂತರ 60 ಕೆಲ್ವಿನ್ ಆಸುಪಾಸಿನವರೆಗೂ ಉಳಿಯುತ್ತದೆ. ಬೀಜಿಂಗ್‌ನ ಸಂಶೋಧಕರು ಈ ಜೋಡಿಯನ್ನು 2012ರಲ್ಲಿ ಮುಂದಿಟ್ಟರು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ನಿರ್ವಾತ ಚೇಂಬರ್‌ನ ಹೊರಗೇ ಮುಗಿಯಬೇಕು.

(001) ಎಂಬ ಮುಖದಲ್ಲಿ ಕತ್ತರಿಸಿ ಪಾಲಿಶ್ ಆಗಿ ಬಂದ ಸ್ಟ್ರಾಂಷಿಯಂ ಟೈಟನೇಟ್ ಹರಳಿನ ಮೈಮೇಲೆ ಎರಡು ಬಗೆಯ ಪ್ರದೇಶಗಳು ಬೆರೆತಿರುತ್ತವೆ: ಸ್ಟ್ರಾಂಷಿಯಂ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ನಮಗೆ ಬೇಕಾದ್ದು ಎರಡನೆಯದು ಮಾತ್ರ. ಅಸಿಟೋನ್, ಎಥನಾಲ್‌ನಲ್ಲಿ ಅಲ್ಟ್ರಾಸಾನಿಕ್ ತೊಳೆತ ಆದಮೇಲೆ 80–90 ಡಿಗ್ರಿ ಸೆಲ್ಸಿಯಸ್‌ನ ಡಿಅಯಾನೈಸ್ಡ್ (ಅಯಾನುಗಳನ್ನು ತೆಗೆದ) ನೀರಿನಲ್ಲಿ ಸುಮಾರು 45 ನಿಮಿಷ ಇಡಿ. ಸ್ಟ್ರಾಂಷಿಯಂ ಆಕ್ಸೈಡ್ ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ. ಅದನ್ನು ಕರಗಿಸಲು ಫ್ಯೂಮ್ ಹುಡ್ ಒಳಗೆ 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇನ್ನೊಂದು 45 ನಿಮಿಷ ಇಟ್ಟು, ಚೆನ್ನಾಗಿ ತೊಳೆದು, ನೈಟ್ರೋಜನ್ ಊದಿ ಒಣಗಿಸಿ. ಬಫರ್ ಮಾಡಿದ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಇದೇ ಕೆಲಸ ಅರ್ಧ ನಿಮಿಷಕ್ಕೆ ಮುಗಿಯುತ್ತದೆ ನಿಜ, ಆದರೆ ಸ್ವಲ್ಪ ಹೆಚ್ಚಾದರೂ ಮೈತುಂಬ ಚೌಕ ಗುಳಿಗಳು. ಮೇಲಾಗಿ ಚರ್ಮಕ್ಕೆ ತಾಗಿದರೆ ಪ್ರಾಣಕ್ಕೇ ಅಪಾಯ. ಅಷ್ಟು ಅವಸರ ಯಾಕೆ?

ಮುಂದೆ ಕೊಳವೆ ಕುಲುಮೆಯಲ್ಲಿ, ಶುದ್ಧ ಅಲ್ಯೂಮಿನಾ ದೋಣಿಯಲ್ಲಿಟ್ಟು, ಆಮ್ಲಜನಕ ಹರಿಸುತ್ತ 980 ಡಿಗ್ರಿಯಲ್ಲಿ 3 ಗಂಟೆ ಕಾಯಿಸಿ. ಪರಮಾಣುಗಳು ಸರಿದು ಹರಳಿನ ಮೈಮೇಲಿನ ಪರಮಾಣು ಎತ್ತರದ ಮೆಟ್ಟಿಲುಗಳು ನೇರವಾಗುತ್ತವೆ.

ಇಲ್ಲಿ ಎಎಫ್‌ಎಂ (ಚೂಪು ಮೊನೆಯಿಂದ ಮೇಲ್ಮೈಯ ಏರಿಳಿತ ಅಳೆಯುವ ಸೂಕ್ಷ್ಮದರ್ಶಕ) ಚಿತ್ರ ತೆಗೆಯದೆ ಮುಂದೆ ಹೋಗಬೇಡಿ. ಪ್ರತಿ ಮೆಟ್ಟಿಲು 0.39 ನ್ಯಾನೋಮೀಟರ್ ಎತ್ತರ ಇರಬೇಕು. ಹರಳನ್ನು ಕತ್ತರಿಸುವಾಗ 0.1 ಡಿಗ್ರಿ ಓರೆಯಾಗಿದ್ದರೆ ಮೆಟ್ಟಿಲಿನ ಅಗಲ ಸುಮಾರು 220 ನ್ಯಾನೋಮೀಟರ್ ಬರುತ್ತದೆ. 0.2 ನ್ಯಾನೋಮೀಟರ್‌ನ ಅರ್ಧ ಮೆಟ್ಟಿಲು ಕಂಡರೆ ಸ್ಟ್ರಾಂಷಿಯಂ ಆಕ್ಸೈಡ್ ಇನ್ನೂ ಉಳಿದಿದೆ ಅಥವಾ ಅತಿಯಾಗಿ ಕಾಯಿಸಿದ್ದರಿಂದ ಒಳಗಿನ ಸ್ಟ್ರಾಂಷಿಯಂ ಮೇಲೆದ್ದು ಬಂದಿದೆ. ಎರಡರಲ್ಲೂ ನೀರಿನ ಹಂತದಿಂದ ಮತ್ತೆ ಶುರುಮಾಡಿ.

ನಿರ್ವಾತದಲ್ಲಿ 600 ಡಿಗ್ರಿಗೆ ಕಾಯಿಸಿ ಅಂಟಿದ ಅನಿಲ ಬಿಡಿಸಿ, ತಳವನ್ನು ಸುಮಾರು 400 ಡಿಗ್ರಿಗೆ ತನ್ನಿ. ಇನ್ನು ಅದರ ಮೇಲೆ ಕಬ್ಬಿಣ, ಸೆಲೆನಿಯಂ ಎರಡರ ಆವಿಯನ್ನೂ ಹರಿಸಿ; ಸೆಲೆನಿಯಂ ಹರಿವು ಕಬ್ಬಿಣದ 10 ಪಟ್ಟಾದರೂ ಇರಲಿ. ಹೆಚ್ಚಾದದ್ದು ಬಿಸಿ ಮೇಲ್ಮೈಯಿಂದ ಹಾರಿಹೋಗುತ್ತದೆ, ಕಡಿಮೆಯಾದರೆ ಕಬ್ಬಿಣ ಉಂಡೆಗಟ್ಟುತ್ತದೆ. ಪದರ ಪೂರ್ತಿಯಾದ ಕೂಡಲೇ ನಿಲ್ಲಿಸಿ, ಏಕೆಂದರೆ ತಳದಿಂದ ಬರುವ ಎಲೆಕ್ಟ್ರಾನ್‌ಗಳು ಬಹುಪಾಲು ಮೊದಲ ಪದರದಲ್ಲೇ ಉಳಿಯುತ್ತವೆ, ಎರಡನೆಯದು ಬರಿದೇ ಕೂರುತ್ತದೆ.

ಬೆಳೆದ ತಕ್ಷಣ ಅಳೆದು ಕೈಚೆಲ್ಲುವವರು ಬಹಳ. ಹೊಸ ಪದರದಲ್ಲಿ ಹೆಚ್ಚುವರಿ ಸೆಲೆನಿಯಂ ಇರುವುದರಿಂದ ಅತಿವಾಹಕತೆ ಕಾಣುವುದೇ ಇಲ್ಲ. 450–500 ಡಿಗ್ರಿಯಲ್ಲಿ ಕೆಲವು ಗಂಟೆ ನಿರ್ವಾತದಲ್ಲೇ ಕಾಯಿಸಬೇಕು.

ತಂತಿ ಜೋಡಿಸಿ ರೋಧ ಅಳೆಯುವುದಾದರೆ ಹೊರತೆಗೆಯುವ ಮುನ್ನ ಸುಮಾರು 10 ಪದರ ಐರನ್ ಟೆಲ್ಯುರೈಡ್ ಹೊದಿಸಿ. ಗಾಳಿ ತಾಗಿದರೆ ಪದರ ಹಾಳು. ನಿರ್ವಾತದಲ್ಲಿ ಕಾಯಿಸುವಾಗ ಹರಳು ಆಮ್ಲಜನಕ ಕಳೆದುಕೊಂಡು ಕಪ್ಪಾಗಿದ್ದರೆ ತಳವೇ ವಿದ್ಯುತ್ ಹರಿಸುತ್ತದೆ. ಹಾಗಾಗಿ ಪದರವಿಲ್ಲದ, ಅದೇ ರೀತಿ ಕಾಯಿಸಿದ ಹರಳೊಂದನ್ನು ಜೊತೆಗೇ ಅಳೆಯಿರಿ.