ಬೈಕ್ ಟ್ಯಾಂಕಿನ ಹಳೆಯ ಸ್ಟಿಕ್ಕರ್ ತೆಗೆದು ಹೊಸದನ್ನು ಅಂಟಿಸುವ ಕ್ರಮ

ಕೆಲಸಕ್ಕೆ ಕೈಹಾಕುವ ಮೊದಲು ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಸವರಿ ನೋಡಬೇಕು. ಅಂಚು ಕೈಗೆ ಸಿಗದಿದ್ದರೆ ಅದು ಲ್ಯಾಕರ್ (ಬಣ್ಣದ ಮೇಲೆ ಬಳಿಯುವ ಪಾರದರ್ಶಕ ಲೇಪ) ಪದರದ ಕೆಳಗಿರುವ ಸಾಧ್ಯತೆ ಹೆಚ್ಚು. ಅಂಥದನ್ನು ಮನೆಯಲ್ಲಿ ಕೀಳಲು ಹೋಗದೆ ಪೇಂಟ್ ಮಾಡುವವರಿಗೆ ಒಪ್ಪಿಸುವುದೇ ಸರಿ.

ಅಂಚು ಸಿಕ್ಕಿದರೆ, ಟ್ಯಾಂಕನ್ನು ಸೋಪುನೀರಿನಿಂದ ತೊಳೆದು ಒರೆಸಿ, ಹೇರ್ ಡ್ರೈಯರ್‌ನಿಂದ ಸ್ಟಿಕ್ಕರನ್ನು ಬೆಚ್ಚಗೆ ಮಾಡಿ, ಒಂದು ಮೂಲೆಯನ್ನು ಎಬ್ಬಿಸಿ, ಮೇಲಕ್ಕೆ ಜಗ್ಗದೆ ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಬೇಕು. ಪೆಟ್ರೋಲ್ ಆವಿ ಇರುವ ಜಾಗವಾದ್ದರಿಂದ ಬೆಂಕಿಯ ಜ್ವಾಲೆಯನ್ನು ಎಂದಿಗೂ ಬಳಸಬಾರದು. ಮುಚ್ಚಳ ಬಿಗಿಯಾಗಿರಲಿ, ಗಾಳಿಯಾಡುವ ಕಡೆ ಕೆಲಸ ಮಾಡಿರಿ. ಬ್ಲೇಡ್ ಬಳಸಿದರೆ ಗೀರು ಖಚಿತ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು.

ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ, ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಪರೀಕ್ಷಿಸಿ, ಉಜ್ಜಿ ತೆಗೆಯಬಹುದು. ಥಿನ್ನರ್ ಬಳಸಬೇಡಿ, ಅದು ಬಣ್ಣವನ್ನೇ ಕರಗಿಸಬಲ್ಲದು. ಬಿಸಿಲು ತಾಗದ ಭಾಗದ ಬಣ್ಣ ಗಾಢವಾಗಿಯೇ ಉಳಿದಿರುವುದರಿಂದ ಹಳೆಯ ಆಕಾರ ಎದ್ದುಕಾಣುತ್ತದೆ. ಪಾಲಿಶ್‌ನಿಂದ ಅದು ಸ್ವಲ್ಪ ತಗ್ಗುತ್ತದೆ, ಆದರೆ ಅದನ್ನು ಪೂರ್ತಿ ಮುಚ್ಚುವ ಅಳತೆಯ ಹೊಸ ಸ್ಟಿಕ್ಕರನ್ನು ಆರಿಸುವುದೇ ಹೆಚ್ಚು ಜಾಣತನ.

ಹೊಸದನ್ನು ನೆರಳಿನಲ್ಲಿ, ಟ್ಯಾಂಕ್ ತಣ್ಣಗಿರುವಾಗ ಅಂಟಿಸಬೇಕು. ಮಾಸ್ಕಿಂಗ್ ಟೇಪಿನಿಂದ ಜಾಗ ಗುರುತಿಸಿ, ಕೆಲವು ಹನಿ ಶಾಂಪೂ ಬೆರೆಸಿದ ನೀರನ್ನು ಟ್ಯಾಂಕಿನ ಮೇಲೆ ಸಿಂಪಡಿಸಿದರೆ ಸ್ಟಿಕ್ಕರನ್ನು ಸರಿಸಿ ಕೂರಿಸಲು ಅವಕಾಶ ಸಿಗುತ್ತದೆ. ನಂತರ ನಡುವಿನಿಂದ ಅಂಚಿನತ್ತ ಕಾರ್ಡ್ ಒತ್ತಿ ನೀರನ್ನು ಹೊರದೂಡಿರಿ. ಗುಳ್ಳೆ ಉಳಿದರೆ ಸಣ್ಣ ಸೂಜಿಯಿಂದ ಚುಚ್ಚಿ ಒತ್ತಿದರಾಯಿತು. ಅಂಟು ಗಟ್ಟಿಯಾಗಲು ಒಂದೆರಡು ದಿನ ಗಾಡಿ ತೊಳೆಯಬಾರದು.