ಏಕಾದಶಿಗೆ ಟಿಕೆಟ್, ಬೆಳಗಿನ ಉಬ್ಬರಕ್ಕೆ ಡೈವ್

ದಡದಿಂದ ನಡೆದು ನೀರಿಗಿಳಿಯುವ ಸ್ಕೂಬಾ ಡೈವ್‌ಗೆ (ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಮುಳುಗೋದು) ನಾನು ದಿನ ಗೊತ್ತು ಮಾಡೋದು ಪಂಚಾಂಗ ನೋಡಿ. ಬೆಂಗಳೂರಿನ ಡೈವಿಂಗ್ ಗೆಳೆಯರು ಇದನ್ನು ತುಂಬಾ ದಿನ ಒಪ್ಪಲಿಲ್ಲ. "ಫೋನಲ್ಲಿ ಉಬ್ಬರದ ಹೊತ್ತು ತೋರಿಸೋ ಆ್ಯಪ್ ಇರುವಾಗ ತಿಥಿ ಯಾಕ್ ಗುರು?" ಅನ್ನೋರು. ಕಳೆದ ಮಾಘದಲ್ಲಿ ಅವರೇ ಅಂಡಮಾನಿಗೆ ಜೊತೆಗೆ ಬಂದು ಮೂರು ಬೆಳಿಗ್ಗೆಯೂ ಸೊಂಟದ ನೀರಲ್ಲಿ ಆರಾಮಾಗಿ ಫಿನ್ (ಕಾಲಿಗೆ ಹಾಕೋ ಈಜುರೆಕ್ಕೆ) ಹಾಕ್ಕೊಂಡು ಹೋದರು. ಈಗ ದಿನ ಕೇಳಿ ಫೋನ್ ಮಾಡ್ತಾರೆ, ಅದಕ್ಕೇ ಬರೀತಿದ್ದೀನಿ.

ಆ್ಯಪ್ ಬೇಡ ಅಂತ ನಾನೂ ಹೇಳಲ್ಲ. ಕೊನೇಲಿ ಸರ್ವೆ ಆಫ್ ಇಂಡಿಯಾದ ಉಬ್ಬರ-ಇಳಿತದ ಪಟ್ಟಿಗೆ ತಾಳೆ ನೋಡದೆ ನೀರಿಗೆ ಇಳಿಯೋದಿಲ್ಲ. ಆದರೆ ನನ್ನ ತೊಡಕು ಅದಕ್ಕಿಂತ ಮೊದಲೇ ಶುರು. ಚಿಕ್ಕಬಳ್ಳಾಪುರದ ಕಡೆ ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ. ಚಾಕಿ ಹುಳು (ಮರಿ ರೇಷ್ಮೆ ಹುಳು) ಮನೆಗೆ ಬಂತು ಅಂದ್ರೆ ಗೂಡು ಬಿಡಿಸೋ ತನಕ ಇಪ್ಪತ್ತೆರಡು ಇಪ್ಪತ್ತಮೂರು ದಿನ ಮನೆ ಬಿಡೋ ಹಾಗಿಲ್ಲ. ಗೂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗಿ, ಹುಳು ಮನೆ ತೊಳೆದು ಔಷಧಿ ಹೊಡೆದ ಮೇಲೆ ಸಿಗೋದು ಒಂದು ವಾರ ಬಿಡುವು. ಆ ವಾರಕ್ಕೆ ಸಮುದ್ರ ಒಗ್ಗಬೇಕು. ಒಂದು ಬೆಳೆ ಮತ್ತು ಅದರ ಬಿಡುವು ಸೇರಿದರೆ ಹೆಚ್ಚುಕಮ್ಮಿ ಒಂದು ಚಾಂದ್ರಮಾಸ, ಅಂದ್ರೆ ಇಪ್ಪತ್ತೊಂಬತ್ತೂವರೆ ದಿನ. ಹುಣ್ಣಿಮೆಗೆ ಚಾಕಿ ಇಳಿಸಿಕೊಂಡರೆ ಮುಂದಿನ ಶುಕ್ಲ ನವಮಿಗೆ ಕೈ ಖಾಲಿ. ಇದು ಹೊಳೆದ ದಿನವೇ ಅರ್ಧ ಕೆಲಸ ಮುಗೀತು.

ಲೆಕ್ಕ ಇಷ್ಟೇ. ಉಬ್ಬರ ಚಂದ್ರನ ಹಿಂದೆ ಹೋಗೋದರಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗ್ತಾ ಹೋಗುತ್ತೆ, ಅಂದ್ರೆ ತಿಥಿಗೆ ಎರಡು ಘಳಿಗೆ (ಒಂದು ಘಳಿಗೆ ಇಪ್ಪತ್ನಾಲ್ಕು ನಿಮಿಷ). ಅಂಡಮಾನಿನ ಪೋರ್ಟ್ ಬ್ಲೇರ್ ಕಡೆ (ಈಗ ಶ್ರೀ ವಿಜಯ ಪುರಂ) ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಬೆಳಿಗ್ಗೆ ಒಂಬತ್ತೂವರೆ ಹತ್ತರ ಆಸುಪಾಸು. ಅಲ್ಲಿಂದ ಹಿಂದಕ್ಕೆ ಎಣಿಸಿ. ಏಕಾದಶಿಗೆ ಆರೂಮುಕ್ಕಾಲು, ದ್ವಾದಶಿಗೆ ಏಳೂವರೆ, ತ್ರಯೋದಶಿಗೆ ಎಂಟೂಕಾಲು. ಅಲ್ಲಿ ಐದೂವರೆಗೆಲ್ಲ ಬೆಳಕು, ಗಾಳಿ ಇನ್ನೂ ಎದ್ದಿರಲ್ಲ. ಅಷ್ಟಮಿಯ ಸಣ್ಣ ಉಬ್ಬರ ಕಳೆದಿರುತ್ತೆ, ಹುಣ್ಣಿಮೆಯ ಸೆಳೆತ ಇನ್ನೂ ಶುರುವಾಗಿರಲ್ಲ. ಉಬ್ಬರ ತುಂಬೋದಕ್ಕೆ ಮುಕ್ಕಾಲು ಗಂಟೆ ಮುಂಚೆ ಇಳಿದರೆ ಹೊರಗಿನ ತಿಳಿನೀರು ಒಳಗೆ ಬರ್ತಾ ಇರುತ್ತೆ, ಮೇಲೆ ಬರೋ ಹೊತ್ತಿಗೆ ನೀರು ನಿಂತಿರುತ್ತೆ, ಹವಳದ ಮೇಲೆ ಕಾಲಿಡದೆ ತೇಲಿಕೊಂಡೇ ದಡ ಸೇರಬಹುದು. ಕೃಷ್ಣ ಪಕ್ಷದ ಏಕಾದಶಿಗೂ ಇದೇ ಲೆಕ್ಕ. ತಿಥಿ ಕೆಲವೊಮ್ಮೆ ಇಪ್ಪತ್ತು ಗಂಟೆಗೇ ಮುಗಿಯುತ್ತೆ, ಕೆಲವೊಮ್ಮೆ ಇಪ್ಪತ್ತಾರಕ್ಕೆ ಎಳೆಯುತ್ತೆ. ಅದನ್ನು ಸರಿದೂಗಿಸೋ ನನ್ನದೊಂದು ಲೆಕ್ಕ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಇದಕ್ಕೂ ಮುಂಚೆ ಸುರಿದ ದುಡ್ಡು ನೆನೆದರೆ ಈಗಲೂ ಸಂಕಟ. ಗುಂಪಿನವರ ರಜೆಗೆ ಹೊಂದಿಸಿ ಹೋಗಿದ್ದು ಕೃಷ್ಣ ಪಂಚಮಿಯ ಸುಮಾರಿಗೆ ಬಿತ್ತು. ಬೆಳಿಗ್ಗೆ ಎಂಟಕ್ಕೆ ಪೂರ್ತಿ ಇಳಿತ. ಅಂಡಮಾನಿನ ಸ್ವರಾಜ್ ದ್ವೀಪದ (ಹಳೇ ಹೆಸರು ಹ್ಯಾವ್‌ಲಾಕ್) ಪೂರ್ವ ದಡದಲ್ಲಿ ನೀರು ಹಿಂದೆ ಸರಿದರೆ ಕಲ್ಲು, ಹವಳ ಎಲ್ಲ ಬಯಲಾಗುತ್ತೆ. ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಮುಳುಗೋಕೆ ಬೇಕಾದ ಸೀಸದ ತೂಕ, ಎಲ್ಲ ಸೇರಿ ಇಪ್ಪತ್ತು ಕೆಜಿ ಮೇಲೆ ಹೊತ್ತು ಅದರ ಮೇಲೆ ನಡೆಯೋದು ಎಲ್ಲಿ? ಗೆಳೆಯ ನೀರಿಗೆ ಹಾಕಿಕೊಂಡಿದ್ದ ಮೆತ್ತನೆ ಬೂಟು ಹರಿದು ಪಾದ ಕುಯ್ದುಹೋಯ್ತು, ಅವನ ಡೈವ್ ಅಲ್ಲಿಗೇ ಮುಗೀತು. ಡೈವ್ ಮಧ್ಯಾಹ್ನಕ್ಕೆ ಹೋಯ್ತು, ಅಷ್ಟರಲ್ಲಿ ಗಾಳಿ ಎದ್ದು ಕೆಳಗೆ ಮೂರು ಮೀಟರ್ ಆಚೆ ಏನೂ ಕಾಣದು. ವಿಮಾನ, ಹಡಗು, ರೂಮು, ಡೈವ್ ಶುಲ್ಕ ಸೇರಿ ತಲೆಗೆ ನಲವತ್ತೈದು ಸಾವಿರದ ಹತ್ತಿರ ಖರ್ಚು, ಸಿಕ್ಕಿದ್ದು ಎರಡು ಕಲಕು ಡೈವ್. ಒಂದು ಬೆಳೆ ಗೂಡಿನ ಲಾಭ ಹಾಗೇ ಹೋಯ್ತು.

ನಡುವೆ ನಮ್ಮ ಕೃಷಿ ಹೊಂಡದಲ್ಲೂ ಇಳಿದು ನೋಡಿದೆ, ಮೂರು ಮೀಟರ್ ಆಳ. ಚಿಕ್ಕಬಳ್ಳಾಪುರ ಸಮುದ್ರಮಟ್ಟಕ್ಕಿಂತ ಒಂಬತ್ತು ನೂರು ಮೀಟರ್ ಮೇಲಿರೋದರಿಂದ ಡೈವ್ ಕಂಪ್ಯೂಟರ್ (ಆಳ, ಹೊತ್ತು ಲೆಕ್ಕ ಹಾಕೋ ಕೈಗಡಿಯಾರದಂಥ ಸಾಧನ) ತಾನಾಗೇ ಎತ್ತರದ ಲೆಕ್ಕಕ್ಕೆ ಹೋಯ್ತು. ಹೊಂಡದ ಸಿಹಿನೀರಲ್ಲಿ ಸರಿಹೋದ ಸೀಸ ಸಮುದ್ರಕ್ಕೆ ಸಾಲಲ್ಲ, ಉಪ್ಪುನೀರು ನೂರಕ್ಕೆ ಎರಡೂವರೆ ಪಾಲು ಭಾರ. ನನಗೆ ಎರಡು ಕೆಜಿ ಜಾಸ್ತಿ ಬೇಕಾಯ್ತು. ಹಾಳೆ ಹೊದಿಸಿದ ಹೊಂಡದ ಅಂಚು ವಿಪರೀತ ಜಾರುತ್ತೆ, ಮೇಲೆ ಹಗ್ಗ ಹಿಡಿದು ಒಬ್ಬರು ನಿಲ್ಲದೆ ಯಾರೂ ಇಳಿಯಬೇಡಿ.

ಮಲ್ಪೆಯಲ್ಲಿ ಗೆರೆ ಹಾಕಿದ ಕೋಲು ನೆಟ್ಟು ಅರ್ಧರ್ಧ ಗಂಟೆಗೆ ನೀರು ಅಳೆದೆ. ಇಳಿತದಿಂದ ಉಬ್ಬರಕ್ಕೆ ಹಿಡಿಯೋ ಸುಮಾರು ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆಯಲ್ಲೇ ಅರ್ಧ ಏರಿಕೆ ಆಗಿಬಿಡುತ್ತೆ, ಆ ಹೊತ್ತಲ್ಲಿ ಸೆಳೆತ ಜೋರು. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರ ಒಂದೇ ಎತ್ತರ ಇರಲ್ಲ. ಅಂಡಮಾನಿನ ಗಂಟೆಯನ್ನೂ ಅಲ್ಲಿಗೆ ತಗೊಂಡು ಹೋಗಬೇಡಿ. ಪ್ರತಿ ಬಂದರಿಗೂ ಹುಣ್ಣಿಮೆ ಉಬ್ಬರದ ಹೊತ್ತು ಬೇರೆ. ಅದೊಂದನ್ನು ಹಿಡಿದುಕೊಂಡರೆ ಉಳಿದದ್ದು ಘಳಿಗೆ ಲೆಕ್ಕ.

ಮಾಘದ ಓಡಾಟದ ವಿವರ ಹೇಳ್ತೀನಿ. ನವಮಿ ಬೆಳಿಗ್ಗೆ ದೇವನಹಳ್ಳಿ ವಿಮಾನ, ದಶಮಿಗೆ ಸ್ವರಾಜ್ ದ್ವೀಪ, ಮುಂದಿನ ಮೂರು ಬೆಳಿಗ್ಗೆ ಅಲ್ಲಿನ ನೀಮೊ ರೀಫ್ ಅನ್ನೋ ಹವಳದ ಜಾಗದಲ್ಲಿ ಡೈವ್, ಡೈವ್ ಆದ ತಕ್ಷಣ ವಿಮಾನ ಹತ್ತೋ ಹಾಗಿಲ್ಲದ್ದರಿಂದ ಚತುರ್ದಶಿ ವಿರಾಮ, ಹುಣ್ಣಿಮೆಗೆ ಊರು. ಟಿಕೆಟ್ಟು ಮೂರು ತಿಂಗಳು ಮೊದಲೇ ತಗೊಂಡಿದ್ದರಿಂದ ತಲೆಗೆ ಮೂವತ್ತೆರಡು ಸಾವಿರದೊಳಗೆ ಮುಗೀತು. ಮಾರನೇ ದಿನ ಹೊಸ ಚಾಕಿ ಇಳಿಸಿಕೊಂಡೆ.