ಅವರೆಕಾಯಿ ಸಿಪ್ಪೆ, ಹೊಂಗೆ ಎಲೆ, ನಮ್ಮ ಬೀದಿಯ ಕಸ

ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಮನೆಗಳಲ್ಲಿ ಎಷ್ಟು ಕಸ ಆಗುತ್ತೆ ಅಂತ ಹಿತಕಿದವರಿಗೇ ಗೊತ್ತು. ಎರಡು ಕೆಜಿ ಸೊಗಡು ಕಾಯಿ ತಂದು, ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತಕಿದರೆ ಸಿಗುವುದು ಒಂದು ಪಾತ್ರೆ ಬೇಳೆ. ಸಿಪ್ಪೆ ಒಂದು ಬಕೆಟ್. ಬನಶಂಕರಿ ಎರಡನೇ ಹಂತದ ನಮ್ಮ ಅಡ್ಡರಸ್ತೆಯಲ್ಲಿ 32 ಮನೆ. ಡಿಸೆಂಬರ್, ಜನವರಿಯಲ್ಲಿ ಎಲ್ಲರ ಮನೆಯಲ್ಲೂ ಇದೇ ಕತೆ.

ಮೊದಲೆಲ್ಲ ಅದನ್ನು ಕವರಿಗೆ ತುಂಬಿ, ಗಂಟು ಹಾಕಿ, ಗಾಡಿಗೆ ಕೊಟ್ಟು ಮರೆಯುತ್ತಿದ್ದೆ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಇನ್ನು ಸಾಕು ಎಂದಾಗ ನಗರದ ಕಸ ಬೀದಿಯಲ್ಲೇ ರಾಶಿ ಬಿತ್ತು. ಆಮೇಲೆ, ನಮ್ಮ ಕಸ ಸುರಿಯುತ್ತಿದ್ದ ಇನ್ನೊಂದು ಊರು ಮಂಡೂರಿನವರು ಬೀದಿಗಿಳಿದರು. 2014ರ ಕೊನೆಯಲ್ಲಿ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ಟಿವಿಯಲ್ಲಿ ಆ ಊರಿನವರ ಮಾತು ಕೇಳಿ ನನಗೆ ಸಂಕಟವಾಯಿತು. ನಾನು ಕವರಿನಲ್ಲಿ ಕಟ್ಟಿ ಎಸೆದ ಅನ್ನ, ಸಿಪ್ಪೆ ಗಾಳಿಯಿಲ್ಲದೆ ಕೊಳೆತು, ಅದರ ಕಪ್ಪು ನೀರು ಇನ್ನೊಬ್ಬರ ಬಾವಿಗೆ ಇಳಿಯುತ್ತೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಒಂದು ವಾರ ಮನೆಯ ಕಸವನ್ನು ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ನಾವು ನಾಲ್ಕು ಜನ. ಹಸಿ ಕಸವೇ ಆರು ಕೆಜಿ ಮೇಲಿತ್ತು. ಒಣ ಕಸ ಎರಡು ಕೆಜಿ. ಮಿಕ್ಕಿದ್ದು ಒಂದು ಕೆಜಿಯೂ ಇಲ್ಲ. ಹಾಗಾದರೆ ಹಸಿಯನ್ನು ಮನೆಯಲ್ಲೇ ಉಳಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು, ಅಲ್ವಾ? ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಸಾರು ತಾಗದ ಪೇಪರ್‌ಗೆ, ತೊಳೆದು ಒಣಗಿಸಿದ ಹಾಲಿನ ಕವರಿಗೆ ಗುಜರಿಯವರು ದುಡ್ಡು ಕೊಡುತ್ತಾರೆ. ಅದೇ ಕವರಿಗೆ ಮೊಸರನ್ನ ಮೆತ್ತಿದ್ದರೆ ಯಾರಿಗೂ ಬೇಡ.

ಹಸಿ ಕಸವನ್ನು ಗೊಬ್ಬರ ಮಾಡಲು ನಾನು ಶುರು ಮಾಡಿದ್ದು 'ಕಂಬ'ದಿಂದ. ಮೂರು ಮಣ್ಣಿನ ಮಡಕೆ, ಒಂದರ ಮೇಲೊಂದು. ನಮ್ಮ ಊರಿನದೇ ಡೈಲಿ ಡಂಪ್ ಸಂಸ್ಥೆಯವರು 2006ರಿಂದ ಮಾಡುತ್ತಿರುವುದು. ದಿನದ ಹಸಿ ಕಸ ಮೇಲಿನ ಮಡಕೆಗೆ. ಅದು ತುಂಬಿದಾಗ ನಡುವಿನದರ ಜೊತೆ ಅದಲುಬದಲು. ಪೂರ್ತಿ ಹಣ್ಣಾಗುವುದು ಕೆಳಗಿನ ಮಡಕೆಯಲ್ಲಿ. ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಗ ಹಿಡಿದುಕೊಳ್ಳುತ್ತೆ.

ಮೊದಲ ತಿಂಗಳು ಪೂರ್ತಿ ಕೆಟ್ಟಿತು. ಮಿಕ್ಕ ಸಾಂಬಾರನ್ನು ಹಾಗೇ ಸುರಿದಿದ್ದೆ. ಮೂರೇ ದಿನಕ್ಕೆ ಹಿತ್ತಲಲ್ಲಿ ನಿಲ್ಲಲಾಗದ ವಾಸನೆ. ಬಿಳಿ ಹುಳು ಬೇರೆ. ಮನೆಯಲ್ಲಿ ಎಲ್ಲರೂ ಇದು ಬೇಡ ಎಂದರು. ಆಗ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಹೋದೆ. ಅಲ್ಲಿ ಬೇರೆ ಬೇರೆ ಥರದ ಗೊಬ್ಬರದ ಡಬ್ಬಗಳನ್ನು ಮುಟ್ಟಿ ನೋಡಬಹುದಿತ್ತು. ತಪ್ಪು ಎಲ್ಲಿ ಅಂತ ಐದೇ ನಿಮಿಷದಲ್ಲಿ ತಿಳಿಯಿತು. ನೀರು ಜಾಸ್ತಿ, ಒಣ ಎಲೆ ಕಮ್ಮಿ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಎರಡೂ ಸೇರಿದರೆ ಮಾತ್ರ ಸೂಕ್ಷ್ಮಜೀವಿಗಳು ಸರಿಯಾಗಿ ಕೆಲಸ ಮಾಡುತ್ತವೆ. ಹುಳುವಿನಿಂದ ತೊಂದರೆ ಏನೂ ಇಲ್ಲ, ಅವೂ ಕಸವನ್ನೇ ತಿನ್ನುತ್ತವೆ. ಅಂದಿನಿಂದ ಸಾರು, ಪಲ್ಯ ಏನೇ ಇದ್ದರೂ ಜರಡಿಯಲ್ಲಿ ಸೋಸಿಯೇ ಹಾಕುವುದು. ಒಂದು ಹಿಡಿ ಕಸಕ್ಕೆ ಒಂದು ಹಿಡಿ ಎಲೆ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕುವುದು. ಗೊಬ್ಬರ ಕೈಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಇಷ್ಟು ಮಾಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತೆ.

ಆದರೆ ಅವರೆಕಾಯಿ ಕಾಲಕ್ಕೆ ಮಡಕೆ ಸಾಲುವುದಿಲ್ಲ. ವಾರಕ್ಕೇ ತುಂಬಿ ತುಳುಕುತ್ತೆ. ಅದೇ ಹೊತ್ತಿಗೆ ಸಂಕ್ರಾಂತಿ ಕಳೆದು ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸಲು ಶುರು. ಗುಡಿಸಿ ಗುಡ್ಡೆ ಹಾಕಿದ ಎಲೆಗೆ ಯಾರೋ ಬೆಂಕಿ ಇಡುತ್ತಿದ್ದರು. ಬೆಳಿಗ್ಗೆ ಹೊಗೆ, ಮೂಲೆಮನೆ ಅಜ್ಜನಿಗೆ ಉಬ್ಬಸ. ಒಂದು ದಿನ ಸಿಪ್ಪೆ, ಎಲೆ ಎರಡನ್ನೂ ನೋಡುತ್ತಾ ನಿಂತಾಗ ಅನ್ನಿಸಿತು, ಬೇಡವಾದ ಈ ಎರಡೂ ಒಂದಕ್ಕೊಂದು ಬೇಕಾದವೇ ಅಲ್ವಾ?

ಪಾರ್ಕಿನ ಮಾಲಿಯವರನ್ನು ಕೇಳಿಕೊಂಡೆವು. ಅವರು ಒಂದು ಮೂಲೆ ಬಿಟ್ಟುಕೊಟ್ಟರು. ಕಬ್ಬಿಣದ ಜಾಲರಿ ತಂದು, ಆಳೆತ್ತರಕ್ಕೆ ಸುತ್ತಿ ಗೂಡು ಮಾಡಿದೆವು. ಒಂದು ಪದರ ಎಲೆ, ಒಂದು ಪದರ ಅವರೆ ಸಿಪ್ಪೆ, ಮೇಲೆ ಸ್ವಲ್ಪ ಸಗಣಿ ನೀರು. ನಾಲ್ಕನೇ ದಿನ ಒಳಗೆ ಕೈ ಹಾಕಿದರೆ ಬಿಸಿ, ಹಬೆಯಾಡುತ್ತಿತ್ತು. ಮಕ್ಕಳೆಲ್ಲ ಸರದಿಯಲ್ಲಿ ಮುಟ್ಟಿ ನೋಡಿದರು. ಯುಗಾದಿಗೆ ಸ್ವಲ್ಪ ಮೊದಲು ಗೂಡು ಅರ್ಧಕ್ಕೆ ಕುಸಿದು ಕಪ್ಪಾಗಿತ್ತು. ಉಳಿದ ಎಲೆಯನ್ನು ಗೋಣಿಚೀಲದಲ್ಲಿ ತುಂಬಿಟ್ಟೆವು. ವರ್ಷಪೂರ್ತಿ ಎಲ್ಲರ ಮಡಕೆಗೂ ಅದೇ ಆಧಾರ. ಈಗ ಯಾರೂ ಒಣ ಎಲೆಯ ಬದಲು ಹಾಕುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೊಳ್ಳುವುದಿಲ್ಲ.

ಮನೆಮನೆಗೆ ಹೋಗಿ ಹೇಳುವುದು ಇದಕ್ಕಿಂತ ಕಷ್ಟ. 2015ರಲ್ಲಿ ಹೈಕೋರ್ಟ್ ಹೇಳಿದ 'ಎರಡು ಬುಟ್ಟಿ, ಒಂದು ಚೀಲ' ಕೇಳದವರಿಲ್ಲ. ಹಸಿರು ಬುಟ್ಟಿಗೆ ಹಸಿ, ಕೆಂಪಿಗೆ ಪ್ಯಾಡ್, ಡೈಪರ್‌ನಂಥವು, ಚೀಲಕ್ಕೆ ಒಣ ಕಸ. ಕೇಳಿದ್ದರೂ ಮಾಡುತ್ತಿದ್ದವರು ಕಮ್ಮಿ. ಕರಪತ್ರ ಹಂಚಿದೆವು, ಉಪಯೋಗವಾಗಲಿಲ್ಲ. ಕೊನೆಗೆ ಗಾಡಿಯ ಜೊತೆ ಬರುವ ಅಕ್ಕನನ್ನೇ ಒಂದು ಭಾನುವಾರ ನಮ್ಮ ಗೇಟಿಗೆ ಕರೆದೆವು. "ಪ್ಯಾಡ್ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡ್ರಮ್ಮ, ಗೊತ್ತಿಲ್ದೆ ಕೈ ಹಾಕ್ತೀವಿ. ಗಾಜು, ಬ್ಲೇಡು ಬೇರೆ ಕಟ್ಟಿ" ಎಂದು ಅಂಗೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಹಳೆಯ ಗಾಯದ ಉದ್ದ ಗೆರೆ. ಎದುರುಮನೆಯವರು ಅಂದೇ ಸಂಜೆ ಎರಡು ಬುಟ್ಟಿ ತಂದರು.

ಪಿಜಿಯ ಹುಡುಗರಿಗೆ ಎಷ್ಟು ಹೇಳಿದರೂ ಆಗಲಿಲ್ಲ. ತಿಂಗಳಿಗೊಬ್ಬರು ಬದಲಾಗುತ್ತಾರೆ. ಅಲ್ಲಿನ ಅಡುಗೆಯವರ ಜೊತೆ ಮಾತಾಡಿದ ಮೇಲೆ ಸರಿಹೋಯಿತು. ಹಸಿ ಕಸ ಹುಟ್ಟುವುದೇ ಅವರ ಕೈಯಲ್ಲಿ ತಾನೇ.

ನಾಮಕರಣ, ಗೃಹಪ್ರವೇಶಕ್ಕೆ ಅಂತ ಬೀದಿಯವರೆಲ್ಲ ದುಡ್ಡು ಹಾಕಿ 100 ಸ್ಟೀಲ್ ತಟ್ಟೆ, ಲೋಟ ತಂದಿದ್ದೇವೆ. ನಮ್ಮ ಮನೆಯ ಮೆಟ್ಟಿಲ ಕೆಳಗೆ ಇರುತ್ತವೆ. ಬಾಡಿಗೆ ಇಲ್ಲ, ತೊಳೆದು ಎಣಿಸಿ ಕೊಟ್ಟರೆ ಆಯಿತು. ಒಳಗೆ ಪ್ಲಾಸ್ಟಿಕ್ ಮೆತ್ತಿದ ಪೇಪರ್ ಲೋಟ ಗೊಬ್ಬರವೂ ಆಗುವುದಿಲ್ಲ, ಗುಜರಿಗೂ ಹೋಗುವುದಿಲ್ಲ. ಹಾಗಾಗಿ ನನಗೆ ಈ ತಟ್ಟೆಗಳ ಮೇಲೆ ಮಮತೆ ಜಾಸ್ತಿ.

ಈಗ 32ರಲ್ಲಿ 23 ಮನೆಯವರು ಹಸಿ ಕಸ ಗಾಡಿಗೆ ಕೊಡುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿಗೆ ಇನ್ನೂ ದಾರಿ ಸಿಕ್ಕಿಲ್ಲ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಅಂಟಿಕೊಂಡಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಡೈಪರ್ ಇನ್ನೊಂದು ದೊಡ್ಡ ತಲೆನೋವು. ಮೂಲೆಮನೆ ಅಜ್ಜಿ ಹಳೆಯ ಹತ್ತಿ ಸೀರೆ ಹರಿದು, ಮಡಿಸಿ ಹೊಲಿದು, ಎಳೆ ಮಗುವಿರುವ ಮೂರು ಮನೆಗೂ ಕೊಟ್ಟರು. ಎರಡು ಮನೆಯವರು ಹಗಲು ಅದನ್ನೇ ಕಟ್ಟುತ್ತಿದ್ದಾರೆ. ರಾತ್ರಿಗೆ ಮಾತ್ರ ಡೈಪರ್.